ಹಾಸನದ ಅಜ್ಜಿಯರ ಕಣ್ಣೀರು ಯಾಕೆ ನಿಲ್ಲಲಿಲ್ಲ?

ಹಾಸನ ಕಡೆ ಕಣ್ಣಲ್ಲಿ ಸದಾ ನೀರು ಸುರಿಯುತ್ತದೆ ಎಂದು ಡಾಕ್ಟರ ಹತ್ತಿರ ಹೋದವರು ಗೊಂದಲದಲ್ಲೇ ಮನೆಗೆ ಬರುತ್ತಾರೆ. ಒಬ್ಬರು ‘ಚೀಲ ತೆಗೆಯೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಮೂಗಿಗೆ ದಾರಿ ಮಾಡೋಣ’ ಅನ್ನುತ್ತಾರೆ. ಮತ್ತೊಬ್ಬರು ಮೂಗಿನ ಡಾಕ್ಟರನ್ನು ನೋಡಿ ಎಂದು ಚೀಟಿ ಬರೆದುಕೊಡುತ್ತಾರೆ. ಕಾಯಿಲೆ ಮಾತ್ರ ಒಂದೇ, ಕಣ್ಣೀರಿನ ನಾಳ ಕಟ್ಟಿದೆ.

ಕಣ್ಣೀರು ರೆಪ್ಪೆಗಳ ಒಳಮೂಲೆಯ ಸಣ್ಣ ತೂತುಗಳಿಂದ ಇಳಿದು, ಮೂಗಿನ ಪಕ್ಕದ ಪುಟ್ಟ ಚೀಲ ಸೇರಿ, ಅಲ್ಲಿಂದ ನಾಳದಲ್ಲಿ ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗೂ ಸೋರುತ್ತದಲ್ವಾ, ಅದಕ್ಕೇ. ನಾಳ ಕಟ್ಟುವುದು ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ನೀರು ಚೀಲದಲ್ಲೇ ನಿಂತು ಕೀವಾಗುತ್ತದೆ. ಮೂಗಿನ ಪಕ್ಕ ಒತ್ತಿದರೆ ಕಣ್ಣಿಗೇ ವಾಪಸ್ ಬರುತ್ತದೆ.

ನಾಳಕ್ಕೆ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯುವುದು 18ನೇ ಶತಮಾನದಿಂದಲೂ ಇದೆ. ದೊಡ್ಡವರಲ್ಲಿ ಪೂರ್ತಿ ಕಟ್ಟಿದ ನಾಳ ಇದರಿಂದ ಬಿಡುವುದು ಅಪರೂಪ. 1904ರಲ್ಲಿ ಇಟಲಿಯ ವೈದ್ಯ ಟೋಟಿ ಬೇರೆ ಉಪಾಯ ಹುಡುಕಿದರು. ಕಟ್ಟಿದ ನಾಳದ ಗೊಡವೆಗೇ ಹೋಗದೆ, ಚೀಲಕ್ಕೂ ಮೂಗಿಗೂ ನಡುವಿನ ಮೂಳೆಯಲ್ಲಿ ಕಿಂಡಿ ಕೊರೆದು ಹೊಸ ದಾರಿ ಮಾಡಿದರು. 1921ರ ಹೊತ್ತಿಗೆ ಫ್ರಾನ್ಸಿನ ವೈದ್ಯರು ಎರಡೂ ಕಡೆಯ ಒಳಪದರ ಸೇರಿಸಿ ಹೊಲಿಗೆ ಹಾಕಿದರು, ದಾರಿ ಮತ್ತೆ ಮುಚ್ಚುವುದು ಕಡಿಮೆಯಾಯಿತು. ಇವತ್ತು ಡಿಸಿಆರ್ ಎಂದು ಕರೆಯುವ ಆಪರೇಷನ್ ಬಹುಮಟ್ಟಿಗೆ ಇದೇ.

ಹಾಗಾದರೆ ನಮ್ಮ ಅಜ್ಜಿಯರಿಗೆ ಅದು ಯಾಕೆ ಸಿಗಲಿಲ್ಲ? ಉತ್ತರ ಪೊರೆ ಶಿಬಿರಗಳಲ್ಲಿದೆ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಪೊರೆ ತೆಗೆಯುವುದೇ ಮುಖ್ಯ ಕೆಲಸವಾಯಿತು. ಆಪರೇಷನ್‌ಗೆ ಮುಂಚೆ ನಾಳದ ಪರೀಕ್ಷೆ ಮಾಡುತ್ತಾರೆ. ಮರಗಟ್ಟುವ ಹನಿ ಹಾಕಿ, ಮೊಂಡು ಸೂಜಿಯನ್ನು ಕೆಳರೆಪ್ಪೆಯ ತೂತಿಗಿಟ್ಟು, ಉಪ್ಪುನೀರು ಬಿಟ್ಟು ಕೇಳುತ್ತಾರೆ: ‘ಗಂಟಲಿಗೆ ಬಂತಾ ಅಜ್ಜಿ? ಉಪ್ಪುಪ್ಪಾಗಿದೆಯಾ?’ ಅಜ್ಜಿ ತಲೆಯಾಡಿಸಿದರೆ ಸರಿ. ನೀರು ಮೇಲಿನ ತೂತಿನಿಂದ ಲೋಳೆಯ ಜೊತೆ ಉಕ್ಕಿದರೆ ಪೊರೆ ಆಪರೇಷನ್ ಮುಂದಕ್ಕೆ. ಕೀವಿರುವ ಚೀಲದ ಪಕ್ಕದಲ್ಲೇ ಕಣ್ಣು ಕೊಯ್ದರೆ ಸೋಂಕು ಒಳಗೆ ಹೋಗಿ ದೃಷ್ಟಿಯೇ ಹೋಗಬಹುದು.

ಆಗ ಸುಲಭದ ದಾರಿ ಚೀಲವನ್ನೇ ತೆಗೆದುಬಿಡುವುದು, ಅಂದರೆ ಡಿಸಿಟಿ. ಮೂಳೆ ಕೊರೆಯಬೇಕಿಲ್ಲ, ರಕ್ತ ಕಡಿಮೆ, ಬೇಗ ಮುಗಿಯುತ್ತದೆ. ಬಿಪಿ, ಸಕ್ಕರೆ ಇರುವ ಎಂಬತ್ತರ ಅಜ್ಜಿಗೆ ಅದೇ ಕ್ಷೇಮ ಎನ್ನುವ ಲೆಕ್ಕದಲ್ಲಿ ತಪ್ಪಿಲ್ಲ. ವಯಸ್ಸಾದವರಲ್ಲಿ ಕಣ್ಣೀರು ಬರುವುದೇ ಕಡಿಮೆ, ಎಷ್ಟೋ ಜನಕ್ಕೆ ತೊಂದರೆಯೂ ಆಗುವುದಿಲ್ಲ. ಆದರೆ ಐವತ್ತರ ಹೆಂಗಸಿಗೂ ಅದೇ ಆದರೆ? ಕೀವು ಹೋಗುತ್ತದೆ, ನೀರು ಸೋರುವುದು ಹಾಗೇ ಉಳಿಯುತ್ತದೆ. ಈ ಮಾತನ್ನು ಮುಂಚೆಯೇ ಬಿಡಿಸಿ ಹೇಳಲು ನೂಕುನುಗ್ಗಲಿನಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ ಅಂತಿಟ್ಟುಕೊಳ್ಳೋಣ. ಸಕಲೇಶಪುರದ ತೋಟದಲ್ಲಿ ದಿನವಿಡೀ ಸೆರಗಿನಿಂದ ಕಣ್ಣೊರೆಸಿಕೊಂಡೇ ಕಾಫಿ ಹಣ್ಣು ಬಿಡಿಸುವವರಿಗೆ ಅದು ಸಣ್ಣ ವಿಷಯವಲ್ಲ.

ಮೂಗಿನೊಳಗಿಂದ ದಾರಿ ಮಾಡುವ ಯೋಚನೆ 1893ರದ್ದು. ಒಳಗೆ ಸರಿಯಾಗಿ ಕಾಣದೆ ಅದು ಮೂಲೆಗೆ ಸೇರಿತ್ತು. 1980ರ ದಶಕದ ಕೊನೆಗೆ ಎಂಡೋಸ್ಕೋಪ್, ಅಂದರೆ ಮೂಗಿನೊಳಗೆ ಇಟ್ಟು ನೋಡುವ ಸಣ್ಣ ದುರ್ಬೀನು, ಅದಕ್ಕೆ ಜೀವ ಕೊಟ್ಟಿತು. ಮುಖದ ಮೇಲೆ ಗಾಯದ ಗುರುತು ಬೀಳುವುದಿಲ್ಲ. ಮೂಗಿನ ಡಾಕ್ಟರು ಈ ಕಥೆಯೊಳಗೆ ಬಂದದ್ದು ಹೀಗೆ. ಪಳಗಿದ ಕೈಯಲ್ಲಿ ಹೊರಗಿನಿಂದ ಮಾಡಿದರೂ ಒಳಗಿನಿಂದ ಮಾಡಿದರೂ ಹತ್ತರಲ್ಲಿ ಸುಮಾರು ಒಂಬತ್ತು ಗೆಲ್ಲುತ್ತವೆ. ಕಿಂಡಿಯನ್ನು ಲೇಸರಿನಿಂದ ಮಾಡುತ್ತೇವೆ ಎಂದ ತಕ್ಷಣ ಅದೇ ಮೇಲು ಅಂದುಕೊಳ್ಳಬೇಕಿಲ್ಲ.

ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕಣ್ಣು ಮತ್ತು ಮೂಗಿನ ವಿಭಾಗಗಳು ಒಂದೇ ಕಡೆ ಇದ್ದಾಗ ಇಬ್ಬರನ್ನೂ ಕೇಳಿ ತೀರ್ಮಾನಿಸುವುದು ಸುಲಭ. ಹಿಂದೆಯೇ ಚೀಲ ತೆಗೆಸಿಕೊಂಡವರಿಗೆ ಮಾತ್ರ ಈಗ ಮಾಮೂಲಿ ಡಿಸಿಆರ್ ಆಗುವುದಿಲ್ಲ, ಮೂಗಿಗೆ ಜೋಡಿಸಲು ಚೀಲವೇ ಇಲ್ಲವಲ್ಲ. ಕಣ್ಣಿನ ಮೂಲೆಯಿಂದ ಮೂಗಿಗೆ ಜೋನ್ಸ್ ಟ್ಯೂಬ್ ಎಂಬ ಸಣ್ಣ ಗಾಜಿನ ಕೊಳವೆ ಕೂರಿಸಬಹುದು. ಅದು ಆಗಾಗ ಜಾರುತ್ತದೆ, ಬದುಕಿರುವಷ್ಟು ಕಾಲ ನೋಡಿಕೊಳ್ಳಬೇಕು, ಹಾಕುವ ಡಾಕ್ಟರೂ ಕಡಿಮೆ.