ಸಿಇಟಿ ಆಪ್ಷನ್ ಎಂಟ್ರಿ: ಸಿಗಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ

"ಮೇಡಂ, ಆ ಕಾಲೇಜು ನಮ್ಮ ರ‍್ಯಾಂಕಿಗೆ ಸಿಗಲ್ಲ. ಮೇಲೆ ಹಾಕಿ ಸುಮ್ನೆ ಯಾಕೆ ರಿಸ್ಕ್ ತಗೊಳ್ಳೋದು?"

ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಫಲಿತಾಂಶ ಬಂದು, ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಆನ್‌ಲೈನ್‌ನಲ್ಲಿ ನಮೂದಿಸುವ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ಈ ಮಾತು ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುತ್ತದೆ. ನಾನು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಫಲಿತಾಂಶದ ನಂತರ ಸೀಟು ಹಂಚಿಕೆ ಮುಗಿಯುವ ತನಕ ಮಕ್ಕಳ ಜೊತೆ, ಅವರ ಅಪ್ಪ ಅಮ್ಮನ ಜೊತೆ ಕೂತು ಆಪ್ಷನ್ ಪಟ್ಟಿ ನೋಡುತ್ತೇನೆ. ದಾಖಲೆ, ಜಾತಿ ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಇವೆಲ್ಲ ಈಗ ಹೆಚ್ಚಿನವರಿಗೆ ಗೊತ್ತು. ಅದರ ಬಗ್ಗೆ ಬರೆಯಲ್ಲ. ಎರಡು ವರ್ಷ ನಿದ್ದೆಗೆಟ್ಟು ಓದಿ ತಂದ ರ‍್ಯಾಂಕನ್ನು ಕೊನೆಗೆ ಒಂದು ಪಟ್ಟಿಯ ಕ್ರಮದಲ್ಲಿ ಕಳೆದುಕೊಳ್ಳುತ್ತಾರಲ್ಲ, ಅದೊಂದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಇದನ್ನು ಒಂದು ಸಲ ಹೇಳಿದರೆ ಯಾರೂ ನಂಬುವುದಿಲ್ಲ.

ವಿಷಯ ಇಷ್ಟೇ. ನಿಮ್ಮ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ನಿಮಗೆ ಅತಿ ಹೆಚ್ಚು ಇಷ್ಟವಾದ ಕಾಲೇಜು ಮತ್ತು ಬ್ರಾಂಚ್. ಎರಡನೆಯದು ಅದು ಸಿಗದಿದ್ದರೆ ಬೇಕಾದದ್ದು. ಹೀಗೇ ಕೆಳಗೆ ಹೋಗಿ. ಸಿಗುತ್ತದಾ ಇಲ್ಲವಾ ಅನ್ನುವುದು ಕ್ರಮದ ಲೆಕ್ಕಕ್ಕೆ ಬರಲೇಬಾರದು. ಸಿಗದ ಕಾಲೇಜನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದು ಈ ಪದ್ಧತಿಯಲ್ಲಿ ಸಾಧ್ಯವೇ ಇಲ್ಲ.

ಇಲ್ಲಿಗೆ ಬಂದಾಗ ಎದುರು ಕೂತವರ ಮುಖದಲ್ಲಿ ಅನುಮಾನ ಕಾಣಿಸುತ್ತದೆ. "ಅದು ಹೇಗೆ ಮೇಡಂ? ಕಂಪ್ಯೂಟರ್ ನಮ್ಮ ಮೊದಲನೇ ಆಪ್ಷನ್ ನೋಡುವಷ್ಟರಲ್ಲಿ ನಮ್ಮ ಐದನೇ ಆಪ್ಷನ್ನನ್ನು ಮೊದಲು ಹಾಕಿದವರು ತಗೊಂಡು ಹೋಗಿರ್ತಾರಲ್ವಾ?" ಒಳ್ಳೆ ಪ್ರಶ್ನೆ. ಬಹಳ ಜನರ ಭಯದ ಬೇರು ಇದೇ. ಉತ್ತರ: ಇಲ್ಲ.

ಹಿಂದೆ ಆನ್‌ಲೈನ್ ಇಲ್ಲದ ಕಾಲದಲ್ಲಿ ಎಲ್ಲರೂ ಕೌನ್ಸೆಲಿಂಗ್‌ಗೆ ಖುದ್ದಾಗಿ ಹೋಗಬೇಕಿತ್ತು. ನಿಮ್ಮ ಮನೆಯಲ್ಲಿ ಆ ಕಾಲದಲ್ಲಿ ಸೀಟು ತಗೊಂಡ ಚಿಕ್ಕಪ್ಪನೋ ಅತ್ತೆಯೋ ಇದ್ದರೆ ಕೇಳಿ ನೋಡಿ. ರ‍್ಯಾಂಕ್ ಪ್ರಕಾರ ಒಳಗೆ ಕರೆಯುತ್ತಿದ್ದರು. ನಿಮ್ಮ ಸರದಿ ಬಂದಾಗ ಪರದೆ ಮೇಲೆ ಯಾವ ಸೀಟು ಉಳಿದಿದೆಯೋ ಅದರಲ್ಲಿ ಬೇಕಾದದ್ದನ್ನು ಆರಿಸುತ್ತಿದ್ದಿರಿ. ನಿಮ್ಮ ಹಿಂದಿನ ರ‍್ಯಾಂಕಿನವರು ಹೊರಗೇ ಕಾಯುತ್ತಿದ್ದರು. ಅವರಿಗೆ ಆ ಕಾಲೇಜಿನ ಮೇಲೆ ನಿಮಗಿಂತ ಹತ್ತು ಪಟ್ಟು ಆಸೆ ಇದ್ದರೂ ನೀವು ಹೊರಗೆ ಬರುವ ತನಕ ಅವರು ಒಳಗೆ ಬರುವ ಹಾಗಿರಲಿಲ್ಲ.

ಈಗಿನ ಕಂಪ್ಯೂಟರ್ ಮಾಡುವುದೂ ಅದನ್ನೇ. ಮೊದಲ ರ‍್ಯಾಂಕಿನವರ ಪಟ್ಟಿ ತೆಗೆದು ಮೇಲಿಂದ ಕೆಳಗೆ ನೋಡಿ, ಮೊದಲು ಕಂಡ ಖಾಲಿ ಸೀಟು ಕೊಟ್ಟು, ಎರಡನೇ ರ‍್ಯಾಂಕಿಗೆ ಹೋಗುತ್ತದೆ. ನಿಮ್ಮ ರ‍್ಯಾಂಕ್ ಬಂದಾಗ ನಿಮ್ಮ ಪಟ್ಟಿಯನ್ನೂ ಹಾಗೇ ನೋಡುತ್ತದೆ. ಒಂದೊಂದು ಆಪ್ಷನ್‌ನಲ್ಲೂ ನಿಮಗೆ ಅರ್ಹತೆ ಇರುವ ಸೀಟು, ಅಂದರೆ ಜನರಲ್ ಮೆರಿಟ್, ನಿಮ್ಮ ಮೀಸಲಾತಿ ವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ, ಯಾವುದಾದರೂ ಖಾಲಿ ಇದೆಯಾ ಅಂತ ಹುಡುಕುತ್ತದೆ. ಇಲ್ಲದಿದ್ದರೆ ಮುಂದಿನ ಆಪ್ಷನ್. ನೀವು ಐವತ್ತು ಸಿಗದ ಆಪ್ಷನ್ ಹಾಕಿದ್ದರೂ ಐವತ್ತೊಂದನೆಯದು ನಿಮಗಾಗಿ ಅಲ್ಲೇ ಇರುತ್ತದೆ. ನಿಮ್ಮ ಹಿಂದಿನವರನ್ನು ಇನ್ನೂ ಕರೆದೇ ಇಲ್ಲವಲ್ಲ!

ಸಂತೆಗೆ ನೀವು ಹೋಗಲಾಗದೆ ಮಗನನ್ನು ಕಳಿಸುತ್ತೀರಿ ಅಂದುಕೊಳ್ಳಿ. "ಸೋನಾಮಸೂರಿ ಇದ್ದರೆ ತಾ, ಇಲ್ಲದಿದ್ದರೆ ಇನ್ನೊಂದು ತಾ" ಅಂತ ಹೇಳಿ ಕಳಿಸುತ್ತೀರಿ ಅಲ್ವಾ? ಎಲ್ಲಿ ಸಿಗಲ್ಲವೋ ಅಂತ ಹೆದರಿ ಬೇಡದ ಅಕ್ಕಿಯನ್ನೇ ಮೊದಲು ಕೇಳು ಅಂತ ಹೇಳಿದರೆ ಅವನು ಅದನ್ನೇ ತಂದು ಕೊಡುತ್ತಾನೆ. ಸೋನಾಮಸೂರಿ ಪಕ್ಕದಲ್ಲೇ ಇದ್ದರೂ ಕಣ್ಣೆತ್ತಿ ನೋಡುವುದಿಲ್ಲ.

ಇನ್ನೂ ಸ್ಪಷ್ಟವಾಗಲಿ ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಬ್ಬಳು ಹುಡುಗಿಯ ರ‍್ಯಾಂಕ್ 31,000. ಅವಳಿಗೆ ಎಲೆಕ್ಟ್ರಾನಿಕ್ಸ್ ಬೇಕು. ಮೊದಲ ಇಷ್ಟ ಮೈಸೂರು, ಆಮೇಲೆ ಹಾಸನ, ಕೊನೆಗೆ ಊರಲ್ಲೇ ಇರುವ ದಾವಣಗೆರೆ ಕಾಲೇಜು. ಕಳೆದ ವರ್ಷದ ಕಟಾಫ್, ಅಂದರೆ ಕೊನೆಯ ಸೀಟು ಹೋದ ರ‍್ಯಾಂಕ್, ಮೈಸೂರಿನದು 24,000, ಹಾಸನದ್ದು 29,500, ದಾವಣಗೆರೆಯದು 38,000. ಮನೆಯವರು ಕೂತು "ನಮಗೆ ಸಿಗೋದು ದಾವಣಗೆರೆ, ಅದನ್ನೇ ಮೊದಲು ಹಾಕು" ಅಂದರು. ಹಾಕಿದಳು. ಅವಳ ಸರದಿ ಬಂತು, ದಾವಣಗೆರೆ ಖಾಲಿ ಇತ್ತು, ಸೀಟು ಸಿಕ್ಕಿತು, ಎಲ್ಲರಿಗೂ ಖುಷಿ. ಆದರೆ ಈ ವರ್ಷ ಹಾಸನದ ಕಾಲೇಜಿನ ಕೊನೆಯ ಸೀಟು ಹೋದದ್ದು 33,000ಕ್ಕೆ. ಅಂದರೆ ಇವಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗ ಅಲ್ಲಿ ಸೇರಿದ. ಅವಳು ಮೈಸೂರು, ಹಾಸನ, ದಾವಣಗೆರೆ ಅಂತಲೇ ಬರೆದಿದ್ದರೆ ಮೈಸೂರು ತುಂಬಿತ್ತು, ಹಾಸನ ಸಿಗುತ್ತಿತ್ತು. ಹಾಸನವೂ ತುಂಬಿದ್ದರೆ? ದಾವಣಗೆರೆ ಹೇಗೂ ಇತ್ತು. ಕಳೆದುಕೊಳ್ಳುವುದು ಏನಿತ್ತು ಹೇಳಿ.

ಇಂಥ ಮಕ್ಕಳು ಪ್ರತಿ ವರ್ಷ ಬರುತ್ತಾರೆ. ಮೊದಲ ಸುತ್ತಿನ ಫಲಿತಾಂಶದ ಮಾರನೇ ದಿನ ಬಂದು, "ಮಿಸ್, ನನ್ನ ಫ್ರೆಂಡಿಗೆ ನನಗಿಂತ ರ‍್ಯಾಂಕ್ ಹಿಂದಿನದು, ಆ ಕಾಲೇಜು ಅವನಿಗೆ ಹೇಗೆ ಸಿಕ್ಕಿತು?" ಅಂತ ಕೇಳುತ್ತಾರೆ. ಕಣ್ಣಲ್ಲಿ ನೀರಿರುತ್ತದೆ. ಯಾರೋ ದುಡ್ಡು ಕೊಟ್ಟಿರಬೇಕು ಅಂತ ಅಪ್ಪ ಪಕ್ಕದಲ್ಲಿ ನಿಂತು ಗೊಣಗುತ್ತಾರೆ. ಪಟ್ಟಿ ತೆಗೆಸಿ ನೋಡಿದರೆ ಆ ಕಾಲೇಜು ಇವಳ ಹದಿನಾರನೇ ಸಾಲಿನಲ್ಲಿ ಇರುತ್ತದೆ. ಸಿಕ್ಕ ಸೀಟಿನಿಂದ ಕೆಳಗಿರುವ ಆಪ್ಷನ್‌ಗಳು ಮುಂದಿನ ಸುತ್ತಿಗೆ ಲೆಕ್ಕಕ್ಕೇ ಬರುವುದಿಲ್ಲ. ಆ ಹೊತ್ತಿಗೆ ನಾನು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಅದೇ ನನಗೆ ಬಹಳ ಬೇಸರ ತರುವ ವಿಷಯ.

ಈ ಭಯ ಎಲ್ಲಿಂದ ಬರುತ್ತದೆ? ಒಂದು, ಕಟಾಫ್ ಪಟ್ಟಿಯಿಂದ. ಕಟಾಫ್ ಅಂದರೆ ಕಳೆದ ವರ್ಷ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನುವ ವರದಿ, ಅಷ್ಟೇ. ಈ ವರ್ಷದ ಗೇಟು ಅಲ್ಲ. ಕಾಲೇಜು ಸೀಟು ಜಾಸ್ತಿ ಮಾಡಿದರೆ ಬದಲಾಗುತ್ತದೆ, ಹೊಸ ಬ್ರಾಂಚ್ ಬಂದರೆ ಬದಲಾಗುತ್ತದೆ. ಒಳ್ಳೆ ಸಾಧನೆ ಇರುವ ಕಾಲೇಜುಗಳಲ್ಲಿ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ದೇಶದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024-25ರಿಂದ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಕಡೆಯ ಹಳೆ ಲೆಕ್ಕಗಳನ್ನು ನಾನು ಇನ್ನೂ ಎಚ್ಚರಿಕೆಯಿಂದ ನೋಡುತ್ತೇನೆ. ರ‍್ಯಾಂಕ್ ಕೊಡುವ ರೀತಿಯೂ ಒಂದೇ ಇರುವುದಿಲ್ಲ. ಎಂಜಿನಿಯರಿಂಗ್‌ಗೆ ಸಾಮಾನ್ಯವಾಗಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕದ ಮೇಲೆ ಮಾತ್ರ ರ‍್ಯಾಂಕ್ ಕೊಟ್ಟರು. ಆ ವರ್ಷದ ಕಟಾಫ್ ಹಿಡಿದು ಈಗ ಲೆಕ್ಕ ಹಾಕಿದರೆ ಏನು ಪ್ರಯೋಜನ? ಕಟಾಫ್ ನೋಡಬೇಡಿ ಅನ್ನುತ್ತಿಲ್ಲ. ಪಟ್ಟಿ ಎಷ್ಟು ಉದ್ದ ಇರಬೇಕು, ಕೆಳಗಡೆ ಖಂಡಿತ ಸಿಗುವಂಥವು ಸಾಕಷ್ಟು ಇವೆಯಾ ಅಂತ ತಿಳಿಯಲು ಅದು ಬೇಕು. ಕ್ರಮ ಹಾಕಲು ಬೇಡ.

ಎರಡು, ಸೈಬರ್ ಸೆಂಟರ್. ಅಲ್ಲಿನ ಹುಡುಗರು ಪಾಪ ಕೆಟ್ಟವರಲ್ಲ, ಬೆಳಗ್ಗಿಂದ ರಾತ್ರಿ ತನಕ ನೂರು ಜನರದ್ದು ಮಾಡಬೇಕು. "ಈ ರ‍್ಯಾಂಕಿಗೆ ಈ ಲಿಸ್ಟ್" ಅಂತ ಒಂದು ಸಿದ್ಧ ಪಟ್ಟಿ ಇಟ್ಟುಕೊಂಡಿರುತ್ತಾರೆ. ವಾಟ್ಸಾಪ್‌ನಲ್ಲಿ ಅಂಥ ಪಟ್ಟಿ ಮಾರುವವರೂ ಇದ್ದಾರೆ. ನಿಮ್ಮ ಮಗಳಿಗೆ ಏನು ಬೇಕು ಅಂತ ಆ ಪಟ್ಟಿಗೆ ಹೇಗೆ ಗೊತ್ತಾಗಬೇಕು? ಪಾಸ್‌ವರ್ಡ್, ಓಟಿಪಿ ಅವರ ಕೈಗೆ ಕೊಟ್ಟು ಟೀ ಕುಡಿಯಲು ಹೊರಗೆ ಹೋಗುವ ಅಪ್ಪಂದಿರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಟೈಪ್ ಬೇಕಾದರೆ ಅವರು ಮಾಡಲಿ, ಕಾಗದದ ಮೇಲೆ ಬರೆದ ಪಟ್ಟಿ ನಿಮ್ಮದಿರಲಿ, ಮಗು ಪಕ್ಕದಲ್ಲಿ ಕೂತಿರಲಿ.

ಹಾಗೆಯೇ, ಮೊದಲ ದಿನವೇ ಎಂಟ್ರಿ ಮಾಡಿದರೆ ಸೀಟು ಬೇಗ ಸಿಗುತ್ತದೆ ಅನ್ನುವುದೂ ಸುಳ್ಳು. ಆಪ್ಷನ್ ಜಾಸ್ತಿ ಹಾಕಿದರೆ ತೊಂದರೆ ಅನ್ನುವುದೂ ಸುಳ್ಳು. ಎಷ್ಟು ಬೇಕಾದರೂ ಹಾಕಬಹುದು. ಒಂದೇ ಎಚ್ಚರಿಕೆ: ಸಿಕ್ಕರೂ ಸೇರುವುದಿಲ್ಲ ಅನ್ನುವಂಥದ್ದನ್ನು ಪಟ್ಟಿಯಲ್ಲೇ ಇಡಬೇಡಿ. ಫೀಸ್ ಕಟ್ಟಲಾಗದ ಕಾಲೇಜು, ಹಾಸ್ಟೆಲ್ ಇಲ್ಲದ ದೂರದ ಊರು, ಮಗುವಿಗೆ ಇಷ್ಟವೇ ಇಲ್ಲದ ಬ್ರಾಂಚ್, ಇವನ್ನು "ಇರಲಿ" ಅಂತ ಹಾಕಿದರೆ ಕಂಪ್ಯೂಟರ್ ಅದನ್ನೂ ನಿಜ ಅಂತಲೇ ನಂಬುತ್ತದೆ.

ಈಗ ನಿಜವಾದ ಕೆಲಸಕ್ಕೆ ಬರೋಣ. ಸಿಗುತ್ತದಾ ಅನ್ನುವ ಚಿಂತೆ ಬಿಟ್ಟ ಕೂಡಲೇ ಮಕ್ಕಳು ಸುಮ್ಮನಾಗಿಬಿಡುತ್ತಾರೆ. "ಹಾಗಾದರೆ ನಿನಗೆ ಏನು ಬೇಕಮ್ಮ?" ಅಂದರೆ ಉತ್ತರ ಇರುವುದಿಲ್ಲ. ಎರಡು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿಲ್ಲ. ಇದು ಫಲಿತಾಂಶ ಬಂದ ಮೇಲೆ ಯೋಚಿಸುವ ವಿಷಯ ಅಲ್ಲ. ಪಿಯು ಮೊದಲ ವರ್ಷದ ರಜೆಯಲ್ಲಿ ಶುರುವಾಗಬೇಕು, ಹೈಸ್ಕೂಲಿನಲ್ಲೇ ಶುರುವಾದರೆ ಇನ್ನೂ ಒಳ್ಳೆಯದು.

ಹರಿಹರ ಕಡೆಯ ಒಬ್ಬ ಹುಡುಗ ಬಂದಿದ್ದ. ಮಾತು ಕಡಿಮೆ. ಪಟ್ಟಿ ತುಂಬ ಕಂಪ್ಯೂಟರ್ ಸೈನ್ಸ್. ಯಾಕಪ್ಪ ಅಂದರೆ ಎಲ್ಲರೂ ಹಾಕುತ್ತಾರೆ ಅಂದ. ಮುಂದೆ ಏನಾಗಬೇಕು ಅಂತ ಕೇಳಿದೆ. ತಲೆ ತಗ್ಗಿಸಿಕೊಂಡೇ "ಕೆಪಿಟಿಸಿಎಲ್‌ನಲ್ಲಿ ಎಇ" ಅಂದ. ಅಂದರೆ ವಿದ್ಯುತ್ ಪ್ರಸರಣ ನಿಗಮದಲ್ಲಿ ಸಹಾಯಕ ಎಂಜಿನಿಯರ್. ಅವರ ತೋಟದ ಪಂಪ್‌ಸೆಟ್ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬಂದಿದ್ದ ಎಂಜಿನಿಯರನ್ನು ಅವನು ಮರೆತಿರಲಿಲ್ಲ. ಅಲ್ಲಿ ಎಲೆಕ್ಟ್ರಿಕಲ್ ಎಇ ಹುದ್ದೆಗೆ ಎಲೆಕ್ಟ್ರಿಕಲ್ ಪದವಿಯೇ ಬೇಕು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಅವನ ಪಟ್ಟಿಯಲ್ಲಿ ಎಲೆಕ್ಟ್ರಿಕಲ್ ಒಂದೂ ಇರಲಿಲ್ಲ! ಅವತ್ತು ಮಧ್ಯಾಹ್ನ ಕೂತು ಇಡೀ ಪಟ್ಟಿಯನ್ನು ತಿರುಗಿಸಿ ಬರೆದೆವು. ಪಿಡಬ್ಲ್ಯುಡಿ ಕನಸು ಕಾಣುವವರಿಗೆ ಸಿವಿಲ್ ವಿಷಯದಲ್ಲೂ ಇದೇ ಮಾತು. ಸರ್ಕಾರಿ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಲೂಬಾರದು. ಆದರೆ ಅರ್ಜಿ ಹಾಕುವ ಅರ್ಹತೆಯನ್ನೇ ಹದಿನೇಳನೇ ವಯಸ್ಸಿಗೆ ಗೊತ್ತಿಲ್ಲದೆ ಬಿಟ್ಟುಕೊಡಬಾರದು.

ಕಾಲೇಜು ಮುಖ್ಯವಾ, ಬ್ರಾಂಚ್ ಮುಖ್ಯವಾ ಅಂತ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆ ಹುಡುಗನಿಗೆ ಬ್ರಾಂಚ್ ಮುಖ್ಯ. ಇನ್ನೂ ಏನೂ ತೀರ್ಮಾನ ಆಗದವರಿಗೆ ಒಳ್ಳೆ ಮೇಷ್ಟ್ರುಗಳಿರುವ, ಲ್ಯಾಬ್ ತೆರೆದಿಡುವ ಕಾಲೇಜು ಮುಖ್ಯ ಅಂತ ನನ್ನ ಅಭಿಪ್ರಾಯ. ಆಗುವುದಾದರೆ ಒಂದು ಸಲ ಹೋಗಿ ನೋಡಿ ಬನ್ನಿ. ಆಫೀಸಿನವರ ಮಾತು ಕೇಳುವುದಕ್ಕಿಂತ ಕ್ಯಾಂಟೀನಿನಲ್ಲಿ ಕೊನೆಯ ವರ್ಷದ ಮಕ್ಕಳನ್ನು ಹಿಡಿದು ಮಾತಾಡಿಸಿ. ನಿಜ ಹೇಳುತ್ತಾರೆ. ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ಊರಿನ ಕಾಲೇಜನ್ನೇ ಮೊದಲು ಹಾಕಿಸುವ ಮೊದಲು ಆ ಮಗುವನ್ನು ಒಂದು ಸಲ ಕೇಳಿ. ಊರಲ್ಲೇ ಇರಬೇಕು ಅನ್ನುವುದು ಅವಳ ಇಷ್ಟವೇ ಆಗಿದ್ದರೆ ಅದನ್ನೇ ಮೊದಲು ಹಾಕಿ, ತಪ್ಪೇನಿಲ್ಲ. ಆದರೆ ಎಷ್ಟೋ ಸಲ ಬೇರೆ ಊರಿನ ಹಾಸ್ಟೆಲ್ ಬಗ್ಗೆ ಅವಳು ಆಗಲೇ ನಾಲ್ಕು ಜನರನ್ನು ವಿಚಾರಿಸಿಕೊಂಡು ಬಂದಿರುತ್ತಾಳೆ, ಮನೆಯಲ್ಲಿ ಬಾಯಿ ಬಿಟ್ಟಿರುವುದಿಲ್ಲ. ಅಂಥವರನ್ನು ಬಹಳ ಕಂಡಿದ್ದೇನೆ.

ಪಟ್ಟಿ ಹಾಕಿದ ಮೇಲೆ ಅಣಕು ಹಂಚಿಕೆ ಬರುತ್ತದೆ. ಅದು ಪ್ರಯೋಗಕ್ಕೆ ಮಾಡಿ ತೋರಿಸುವ ಹಂಚಿಕೆ, ನಿಜವಾದ ಸೀಟು ಅಲ್ಲ. ಅದನ್ನು ನೋಡಿ ಹೆದರಿ ಮೇಲಿನ ಆಪ್ಷನ್‌ಗಳನ್ನು ತೆಗೆದುಹಾಕುವವರು ಇದ್ದಾರೆ. ತೆಗೆಯಬೇಡಿ. ಅಣಕು ಹಂಚಿಕೆಯಲ್ಲಿ ಏನೂ ಸಿಗದಿದ್ದರೆ ಕೆಳಗಡೆ ಇನ್ನಷ್ಟು ಸೇರಿಸಿ. ಸಿಕ್ಕಿದ್ದು ನೋಡಿ ಮಗುವಿನ ಮುಖ ಬಾಡಿದರೆ ಕ್ರಮ ಸರಿ ಇಲ್ಲ ಅಂತ ಅರ್ಥ, ಆಗಲೇ ಸರಿ ಮಾಡಿ.

ಮೊದಲ ಸುತ್ತಿನ ನಂತರ ನಾಲ್ಕು ಚಾಯ್ಸ್. ಒಂದು ಅಂದರೆ ಒಪ್ಪಿ ಸೇರುವುದು. ಎರಡು ಅಂದರೆ ಒಪ್ಪಿ, ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ಪೂರ್ತಿ ಹೊರಗೆ. ಹಣ ಯಾವಾಗ ಎಷ್ಟು ಕಟ್ಟಬೇಕು ಅನ್ನುವ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ಚಾಯ್ಸ್ ಎರಡು ಕೊಟ್ಟರೆ ಈಗಿರುವುದು ಹೋಗುತ್ತದಾ ಅಂತ ಕೇಳುತ್ತಾರೆ. ಮೇಲಿನದು ಯಾವುದೂ ಸಿಗದಿದ್ದರೆ ಹೋಗುವುದಿಲ್ಲ, ಉಳಿಯುತ್ತದೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳಿದರೆ ಯಾರೂ ಕೊಡುವುದಿಲ್ಲ. ಹಾಗಾಗಿ ಚಾಯ್ಸ್ ಎರಡು ಒತ್ತುವ ಮುನ್ನ, ಸಿಕ್ಕ ಸೀಟಿನ ಮೇಲಿರುವ ಒಂದೊಂದು ಆಪ್ಷನ್ನನ್ನೂ ಮಗುವಿನಿಂದಲೇ ಜೋರಾಗಿ ಓದಿಸಿ. "ಇದು ಬಂದರೆ ಈಗಿನದನ್ನು ಬಿಡುತ್ತೀಯಾ?" ಅಂತ ಪ್ರತಿಯೊಂದಕ್ಕೂ ಕೇಳಿ. ಇಲ್ಲ ಅಂದದ್ದನ್ನು, ಆ ಸುತ್ತಿಗೆ ಮುನ್ನ ತಿದ್ದಲು ಅವಕಾಶ ಕೊಟ್ಟಿದ್ದರೆ, ಅವತ್ತೇ ತೆಗೆದುಬಿಡಿ. ಅವಕಾಶ ಇಲ್ಲದಿದ್ದರೆ, ಈಗ ಸಿಕ್ಕಿರುವುದೇ ಇಷ್ಟ ಅನ್ನಿಸಿದರೆ, ಚಾಯ್ಸ್ ಒಂದು ಕೊಟ್ಟು ಹೋಗಿ ಸೇರಿಕೊಳ್ಳಿ.