ಬೋರ್‌ವೆಲ್ ಏಕೆ ಬತ್ತುತ್ತಿದೆ? ಒಂದೇ ವಿಧಾನ ಸಾಲದೇ?

ಓದುಗರ ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯ ಬೋರ್‌ವೆಲ್‌ಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸಂದರ್ಶನ, ಅಳತೆ, ಮಾಡೆಲ್ ಮೂರೂ ಬೇಕು ಎನ್ನುತ್ತಾರೆ ಗೈಡ್. ಒಂದನ್ನೇ ಚೆನ್ನಾಗಿ ಮಾಡಿದರೆ ಸಾಲದೇ?

ಸಾಲದು. ನೀರಿನ ಮಟ್ಟ ಅಳೆದರೆ ಎಷ್ಟು ಇಳಿಯಿತೆಂದು ತಿಳಿಯುತ್ತದೆ, ಯಾರ ತೀರ್ಮಾನದಿಂದ ಇಳಿಯಿತೆಂದು ತಿಳಿಯುವುದಿಲ್ಲ. ಅದಕ್ಕೆ ವಾಲ್ವ್‌ಮ್ಯಾನ್, ಟ್ಯಾಂಕರ್ ಚಾಲಕ, ರಿಗ್ ಏಜೆಂಟ್ ಎಲ್ಲರನ್ನೂ ಮಾತನಾಡಿಸಬೇಕು. ಒಂದು ಬೋರ್ ಬತ್ತಿತು, ಮಾಲೀಕರು ಇನ್ನೂ ಆಳಕ್ಕೆ ಕೊರೆಸಿದರು, ಪಕ್ಕದ್ದು ಬತ್ತಿತು, ಅವರೂ ಕೊರೆಸಿದರು: ಈ ಸುತ್ತು ಸಿಗುವುದು ಮಾತಿನಲ್ಲೇ. ಆದರೆ ‘ದಿನಕ್ಕೆ ಎಷ್ಟು ಲೀಟರ್ ಬಳಸ್ತೀರಿ’ ಎಂದು ಕೇಳಬೇಡಿ, ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಸಂಪ್ ಎಷ್ಟು ದೊಡ್ಡದು, ತುಂಬಿಸಿದರೆ ಎಷ್ಟು ದಿನ ಬರುತ್ತದೆ ಎಂದು ಕೇಳಿ. 6,000 ಲೀಟರ್ ಐದು ಜನರಿಗೆ ಎಂಟು ದಿನ ಬಂದರೆ ತಲೆಗೆ ದಿನಕ್ಕೆ 150 ಲೀಟರ್.

ಮಟ್ಟ ಅಳೆಯುವುದು ಬೆಳಿಗ್ಗೆ, ಮೋಟಾರ್ ಹಾಕುವ ಮೊದಲು. ಪಂಪ್ ಓಡುತ್ತಿರುವಾಗ ಅಳೆದರೆ ನಿಮಗೆ ಸಿಗುವುದು ಆ ಹೊತ್ತಿನ ಕುಸಿತ, ಅಂತರ್ಜಲದ ಮಟ್ಟವಲ್ಲ. ಮಳೆಗೆ ಮುಂಚೆ ಮೇಯಲ್ಲಿ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಅಳತೆ ತಪ್ಪಿಸಲೇಬಾರದು.

ಇನ್ನು ಮಾಡೆಲ್, ಅಂದರೆ ನೆಲಕ್ಕೆ ಇಂಗುವ ನೀರು, ನಾವು ಎತ್ತುವ ನೀರು ಎರಡರ ಲೆಕ್ಕ. ಒಂದು ಹೆಕ್ಟೇರಿಗೆ ಒಂದು ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. ವರ್ಷಕ್ಕೆ ಸುಮಾರು 970 ಮಿ.ಮೀ. ಅಂದರೆ 97 ಲಕ್ಷ ಲೀಟರ್. ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ಶೇ 10 ಇಂಗುತ್ತದೆ ಎಂದು ಹಿಡಿದರೆ 9.7 ಲಕ್ಷ. ಹೆಕ್ಟೇರಿಗೆ ನೂರು ಜನ, ಎಲ್ಲರಿಗೂ ಬೋರ್ ನೀರೇ ಎಂದಾದರೆ, ತಲೆಗೆ ದಿನಕ್ಕೆ ಅದೇ 150 ಲೀಟರಿನಂತೆ ವರ್ಷದ ಬಳಕೆ ಸುಮಾರು 55 ಲಕ್ಷ. ಈ ಲೆಕ್ಕದಲ್ಲಿ ಮಟ್ಟ ಇಳಿಯಲೇಬೇಕು.

ಹೀಗಿದ್ದೂ ನೀವು ಅಳೆದ ಮಟ್ಟ ಏರಿಕೆ ತೋರಿಸಿದರೆ? ಅಧ್ಯಯನದ ನಿಜವಾದ ಬೆಲೆ ಇರುವುದು ಇಲ್ಲೇ, ದಯವಿಟ್ಟು ಎರಡರ ಸರಾಸರಿ ತೆಗೆದು ಇದನ್ನು ಮುಚ್ಚಬೇಡಿ. ನಗರದ ಹಳೆಯ ಮಧ್ಯಭಾಗದಲ್ಲಿ ಕಾವೇರಿ ಪೈಪಿನಿಂದ ಸೋರಿದ ನೀರೂ ನೆಲಕ್ಕೆ ಸೇರುತ್ತದೆ, ಮಳೆಯನ್ನಷ್ಟೇ ಎಣಿಸಿದ ಮಾಡೆಲ್‌ಗೆ ಅದು ಕಾಣುವುದಿಲ್ಲ. ಹೊರವಲಯದಲ್ಲಿ ಬೇರೆ ತೊಡಕು: 2024ರ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲೂ ಆಯಿತು. ಕನೆಕ್ಷನ್ ಪಡೆದ ಮನೆಗಳು ಬೋರ್ ಕಡಿಮೆ ಓಡಿಸುತ್ತಿದ್ದರೆ ಹಳೆಯ ಬಳಕೆಯ ಅಂಕಿ ಕೆಲಸಕ್ಕೆ ಬರದು.

ಸೋರುತ್ತಿರುವುದು ಕುಡಿಯುವ ನೀರೋ ಒಳಚರಂಡಿಯೋ ಎಂಬ ಸುಳಿವಿಗೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಮೊದಲ ಅನುಮಾನ ಒಳಚರಂಡಿಯ ಮೇಲೆ. ಫಲಿತಾಂಶ ಹಿಡಿದು ಮತ್ತೆ ವಾಲ್ವ್‌ಮ್ಯಾನ್ ಬಳಿ ಹೋಗಿ, ಯಾವ ಬೀದಿಯ ಪೈಪು ಹಳೆಯದು, ಎಲ್ಲಿ ಪದೇ ಪದೇ ಅಗೆಯುತ್ತಾರೆ ಎಂದು ಕೇಳಿ.