ಕಪ್ಪಾದ ರಾಣಿ ರೂಪಾಯಿ ಸವೆದಿದೆಯೇ? ತೊಳೆದರೆ ಗ್ರೇಡ್ ಏರುತ್ತದೆಯೇ?

ಪ್ರಶ್ನೆ: ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ 1885ರ ವಿಕ್ಟೋರಿಯಾ ರೂಪಾಯಿ ಸಿಕ್ಕಿತು. ಅಂಚಿನಲ್ಲಿ ನೀಲಿ, ನಡುವೆ ಕಂದು, ಅಲ್ಲಲ್ಲಿ ಕಪ್ಪು. ಮುಂಬಯಿಯ ಫೋರ್ಟ್‌ನಲ್ಲಿ ಒಬ್ಬ ನಾಣ್ಯ ವ್ಯಾಪಾರಿಗೆ ತೋರಿಸಿದರೆ ‘ಸವೆದಿದೆ, ವಿಎಫ್’ (ವೆರಿ ಫೈನ್, ನಾಣ್ಯದ ಸ್ಥಿತಿ ಹೇಳುವ ಗ್ರೇಡ್‌ಗಳಲ್ಲಿ ಮಧ್ಯಮ ಮಟ್ಟದ್ದು) ಅಂದರು. ಹುಣಸೆಹಣ್ಣು ಹಚ್ಚಿ ತೊಳೆದರೆ ಗ್ರೇಡ್ ಏರಬಹುದೇ? (ಡೊಂಬಿವಿಲಿಯ ಓದುಗರು)

ಉತ್ತರ: ದಯವಿಟ್ಟು ತೊಳೆಯಬೇಡಿ. ಮಾಟುಂಗಾದಿಂದ, ಮುಲುಂಡ್‌ನಿಂದ, ಪುಣೆಯಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆ ಹತ್ತಿರವಾದಾಗಲಂತೂ ಕೇಳುವುದೇ ಬೇಡ. ಎಷ್ಟು ಸಲ ಹೇಳಿದರೂ ಸಾಲದು ಅನಿಸುವುದರಿಂದ ಮತ್ತೊಮ್ಮೆ ಹೇಳುತ್ತೇನೆ. ಸವೆತವೆಂದರೆ ಲೋಹ ಹೋಗಿದೆ; ಟೋನಿಂಗ್ ಎಂದರೆ ಲೋಹದ ಮೇಲೆ ಪದರ ಕೂತಿದೆ. ಕಪ್ಪಾದ ನಾಣ್ಯ ಸ್ವಲ್ಪವೂ ಸವೆಯದೆ ಇರಬಹುದು, ಫಳಫಳ ಹೊಳೆಯುವ ನಾಣ್ಯ ಪೂರ್ತಿ ಸವೆದಿರಬಹುದು.

ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಗೆ ತಾಗಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮಾಹಿಮ್ ಖಾಡಿ ದಾಟುವಾಗ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ನಾತವಿದೆಯಲ್ಲ, ಆ ಅನಿಲವೇ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಅಗ್ಗದ ರಟ್ಟಿನ ಡಬ್ಬಿಗಳಿಂದಲೂ ಗಂಧಕ ಬರುತ್ತದೆ. ಪದರ ದಪ್ಪವಾಗುತ್ತ ಹೋದಂತೆ ಮೊದಲು ತಿಳಿಹಳದಿ, ಆಮೇಲೆ ಕೆಂಪು-ನೇರಳೆ, ನೀಲಿ, ಕೊನೆಗೆ ಕಪ್ಪು. ನಿಮ್ಮ ನಾಣ್ಯದ ನೀಲಿ ಪದರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೂ ದಪ್ಪ ಇರುವುದಿಲ್ಲ. ಅಷ್ಟು ತೆಳ್ಳಗಿನದು ರಾಣಿಯ ಕೂದಲಿನ ಗೆರೆಯನ್ನು ಮುಚ್ಚಲಾರದು, ಅಳಿಸಲೂ ಆರದು.

ಇನ್ನು ‘ಉಜ್ಜಿದರೆ ಕಪ್ಪು ಮಾತ್ರ ಹೋಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ’ ಎಂಬ ನಂಬಿಕೆ. ಎಷ್ಟು ಒಳ್ಳೆಯ ನಾಣ್ಯಗಳು ಇದರಿಂದ ಹಾಳಾಗಿವೆಯೋ, ನೆನೆದರೆ ಸಂಕಟವಾಗುತ್ತದೆ. ಆ ಕಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 87 ಪಾಲು ಬೆಳ್ಳಿಯೇ. ಕಪ್ಪು ತೆಗೆದಿರಿ ಎಂದರೆ ನಾಣ್ಯದ ಮೈಯನ್ನೇ ತೆಗೆದಿರಿ. ಟಂಕಸಾಲೆಯಲ್ಲಿ ಅಚ್ಚಿನ ಏಟು ಬಿದ್ದಾಗ ಬೆಳ್ಳಿ ಅಂಚಿನ ಕಡೆಗೆ ಹರಿದು, ಬರಿಗಣ್ಣಿಗೆ ಕಾಣದ ನವಿರು ಗೆರೆಗಳನ್ನು ಉಳಿಸುತ್ತದೆ. ರೇಷ್ಮೆ ಸೀರೆಯನ್ನು ಬೆಳಕಿಗೆ ಹೊರಳಿಸಿದಾಗ ಮಿಂಚು ಸರಿದಾಡುವ ಹಾಗೆ, ನಾಣ್ಯ ತಿರುಗಿಸಿದಾಗ ಬೆಳಕಿನ ಪಟ್ಟಿ ಸುತ್ತು ಹಾಕುವುದು ಈ ಗೆರೆಗಳಿಂದ. ನಾವು ಲಸ್ಟರ್ ಅನ್ನುವುದು ಇದನ್ನೇ. ಹುಣಸೆಯ ನಾರು, ವಿಭೂತಿ, ಟೂತ್‌ಪೇಸ್ಟಿನ ಪುಡಿ, ಸಬೀನಾ ಎಲ್ಲವೂ ಈ ಗೆರೆಗಳನ್ನು ಕೆರೆದು ಹಾಕುತ್ತವೆ. ದೀಪದ ಕಂಬಕ್ಕೆ, ಪಂಚಪಾತ್ರೆಗೆ ಅವು ಸರಿಯೇ, ಅವನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ. ಬೆಳ್ಳಿಯಂಗಡಿಯವರ ಡಿಪ್ ದ್ರಾವಣವೂ ಸಲ್ಫೈಡನ್ನು ಕರಗಿಸಿ, ಅದರಲ್ಲಿದ್ದ ಬೆಳ್ಳಿಯನ್ನೂ ಒಯ್ಯುತ್ತದೆ. ಎರಡು ಮೂರು ಸಲ ಅದ್ದಿದರೆ ನಾಣ್ಯ ಬೆಳ್ಳಗಾಗುತ್ತದೆ, ಆದರೆ ನಿರ್ಜೀವ. ‘ಅಲ್ಯೂಮಿನಿಯಂ ಹಾಳೆ, ಸೋಡಾ ಹಾಕಿದರೆ ಬೆಳ್ಳಿ ವಾಪಸ್ ಬರುತ್ತದಲ್ಲ’ ಎಂದು ಕೇಳುವವರೂ ಇದ್ದಾರೆ. ಬೆಳ್ಳಿಯೇನೋ ಬರುತ್ತದೆ, ಆದರೆ ಮಂಕು ಪುಡಿಯಂತೆ ಕೂರುತ್ತದೆ. ಅಚ್ಚಿನ ಗೆರೆ ಬರುವುದಿಲ್ಲ. ಪಿಸಿಜಿಎಸ್, ಎನ್‌ಜಿಸಿಯಂಥ ಗ್ರೇಡ್ ನಿರ್ಧರಿಸುವ ಸಂಸ್ಥೆಗಳು ನಾಣ್ಯದ ಸ್ಥಿತಿಗೆ 1ರಿಂದ 70ರವರೆಗಿನ ಶೆಲ್ಡನ್ ಮಾಪನದಲ್ಲಿ ಅಂಕ ಕೊಡುತ್ತವೆ. ಉಜ್ಜಿದ ನಾಣ್ಯಕ್ಕೆ ಆ ಅಂಕವನ್ನೇ ಕೊಡದೆ, ‘ಕ್ಲೀನ್ಡ್’ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತವೆ.

ಹಾಗಾದರೆ ಸವೆತ ನೋಡುವುದು ಹೇಗೆ? ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬಿನ ಮೇಜುದೀಪ ಹಚ್ಚಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡಿ. ಮೊದಲು ಸವೆಯುವುದು ಎತ್ತರದ ಜಾಗಗಳು: ರಾಣಿಯ ಕಿವಿಯ ಮೇಲಿನ ಕೂದಲು, ಕೆನ್ನೆ, ಉಡುಪಿನ ಹೂಬಳ್ಳಿ. ಬೆಳಕಿನ ಪಟ್ಟಿ ಬಣ್ಣದ ಮೇಲೂ ತಡೆಯಿಲ್ಲದೆ ಹಾದು ಹೋದರೆ ಅಲ್ಲಿ ಸವೆತವಿಲ್ಲ. ಕೂದಲಿನ ಮೇಲೆ ಬಂದಾಗ ಪಟ್ಟಿ ತುಂಡಾಗಿ, ಆ ಜಾಗ ಮಾತ್ರ ಬೂದುಬಣ್ಣಕ್ಕೆ ಚಪ್ಪಟೆಯಾಗಿ ಕಂಡರೆ ಸವೆತ ಶುರುವಾಗಿದೆ, ಅಂದರೆ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್, ಬಹುತೇಕ ಸವೆಯದ್ದು), ಶೆಲ್ಡನ್ ಅಂಕ 50ರಿಂದ 58ರೊಳಗೆ. ಲಸ್ಟರ್ ಅಕ್ಷರಗಳ ಸಂದಿಯಲ್ಲಷ್ಟೇ ಉಳಿದಿದ್ದರೆ ಅದಕ್ಕಿಂತ ಕೆಳಗಿನ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್). ಕೂದಲ ಎಳೆಗಳೇ ಒಂದರೊಳಗೊಂದು ಸೇರಿಹೋಗಿದ್ದರೆ ಫೋರ್ಟಿನವರು ಹೇಳಿದ ವಿಎಫ್ ಸರಿ. ಚಪ್ಪಟೆಯಾಗಿದ್ದೂ ಬೆಳಕು ಹರಿದಾಡುತ್ತಿದ್ದರೆ ಅದು ಅಚ್ಚು ಮಂದವಾಗಿ ಬಿದ್ದದ್ದು, ಸವೆತವಲ್ಲ. ಇದನ್ನು ಗುರುತಿಸಲು ಕಲಿತ ದಿನ ನೀವು ಅರ್ಧ ವ್ಯಾಪಾರಿಗಳಿಗಿಂತ ಮುಂದಿರುತ್ತೀರಿ, ನನ್ನ ಮಾತು ನಂಬಿ.

ಒಂದು ವಿನಾಯಿತಿ ಇದೆ. ಪದರ ಮಸಿಯಂತೆ ದಪ್ಪಗಟ್ಟಿ ಬೆಳಕೇ ಹೊರಡದಿದ್ದರೆ ಲೋಹವನ್ನು ತಿಂದಿರುತ್ತದೆ, ಗ್ರೇಡ್ ಇಳಿಯುತ್ತದೆ. ಆಗಲೂ ತೊಳೆಯುವುದು ಮದ್ದಲ್ಲ. ಪೂಜೆಯ ಎಣ್ಣೆ, ಪಿವಿಸಿ ಲಕೋಟೆಯ ಹಸಿರು ಅಂಟು ಇದ್ದರೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಅದ್ದಿ, ಉಜ್ಜದೆ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ.

ನೀವು ಕೇಳದ ಒಂದು ವಿಷಯ: ಅಂಚು ನೋಡಿದಿರಾ? ನಮ್ಮ ಅಜ್ಜಿಯರ ಕಾಲದಲ್ಲಿ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುತ್ತಿದ್ದರು. ಆಮೇಲೆ ಕೊಂಡಿ ಕಿತ್ತು ಅಕ್ಕಸಾಲಿಗರಿಂದ ನಯ ಮಾಡಿಸಿದ ನಾಣ್ಯಗಳು ಗೋವಾದಲ್ಲೂ ಬೇಕಾದಷ್ಟಿವೆ, ಪೋರ್ಚುಗೀಸರ 1881, 1882ರ ರೂಪಿಯಾಗಳಲ್ಲೂ ಕಂಡಿದ್ದೇನೆ. ಟೋನಿಂಗ್ ಈ ಗಾಯವನ್ನು ಚೆನ್ನಾಗಿ ಮರೆಮಾಚುತ್ತದೆ. ಅಂಚಿನ ಉದ್ದಕ್ಕೂ ಇರುವ ಹಲ್ಲುಗಳು ರಾಣಿಯ ಕಿರೀಟದ ನೇರಕ್ಕೆ ಅಳಿಸಿವೆಯೇ, ಅಲ್ಲಿ ಬಣ್ಣ ಅಕ್ಕಪಕ್ಕಕ್ಕಿಂತ ಬೇರೆಯಾಗಿದೆಯೇ ನೋಡಿ. ಬೆಸುಗೆಯ ಲೋಹ ಬೇರೆ, ಹಾಗಾಗಿ ಅದು ಕಪ್ಪಾಗುವ ರೀತಿಯೂ ಬೇರೆ. ತೂಕವನ್ನೂ ಹಾಕಿಸಿ, ಹೊಸತರಲ್ಲಿ 11.66 ಗ್ರಾಂ ಇರಬೇಕು. ಅಂಚಿನ ಫೋಟೋ, ತೂಕ ಎರಡನ್ನೂ ಕಳಿಸಿದರೆ ಮುಂದಿನ ಸಲ ಗ್ರೇಡ್ ಹೇಳುತ್ತೇನೆ.